ಮಾನಸ ಸರೋವರ: ಯಾವ ತಿಂಗಳು ಹೋದರೆ ಏನು ಸಿಗುತ್ತದೆ, ಹೇಗೆ ಹೋಗಬೇಕು

ಮಾನಸ ಸರೋವರಕ್ಕೆ ಹೋಗಬೇಕು ಅನ್ನುವವರೆಲ್ಲ ಮೊದಲು ಕೇಳುವುದು ಖರ್ಚು ಎಷ್ಟಾಗುತ್ತದೆ ಅಂತ. ಎರಡನೆಯದು, ನೀರಿಗಿಳಿದು ಸ್ನಾನ ಮಾಡಲು ಬಿಡುತ್ತಾರಾ ಅಂತ. ಯಾವ ತಿಂಗಳು ಹೋಗಲಿ, ದಡದಲ್ಲಿ ಎಷ್ಟು ರಾತ್ರಿ ಇರಲಿ ಅಂತ ಕೇಳುವವರು ತುಂಬಾ ಕಡಿಮೆ. ಮೊದಲ ಸಲ ನಾನೂ ಕೇಳಿರಲಿಲ್ಲ. ಜುಲೈ ಹುಣ್ಣಿಮೆಗೆ ಹೋಗುವ ಗುಂಪೊಂದರಲ್ಲಿ ಸೀಟು ಸಿಕ್ಕಿತು, ಹೊರಟುಬಿಟ್ಟೆ. ಸರೋವರದ ದಡದಲ್ಲಿ ಸಿಕ್ಕಿದ್ದು ಒಂದೇ ರಾತ್ರಿ. ಅದರಲ್ಲಿ ಅರ್ಧ ತಲೆನೋವಿನಲ್ಲಿ ಕಳೆಯಿತು, ಇನ್ನರ್ಧ ಮೋಡದಲ್ಲಿ. ಕೈಲಾಸ ಕಂಡಿದ್ದು ಹೆಚ್ಚೆಂದರೆ ಹತ್ತು ನಿಮಿಷ. ಎರಡನೇ ಸಲ ಸೆಪ್ಟೆಂಬರ್ ಕೊನೆಯಲ್ಲಿ, ಲಾಸಾ ಕಡೆಯಿಂದ ನಿಧಾನಕ್ಕೆ ಹೋಗಿ, ದಡದಲ್ಲೇ ಮೂರು ರಾತ್ರಿ ಇದ್ದೆ. ಅದೇ ಜಾಗವಾ ಇದು ಅನ್ನಿಸಿತು. ಆ ಎರಡು ಪ್ರಯಾಣಗಳ ನಡುವಿನ ವ್ಯತ್ಯಾಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸರೋವರ ಇರುವುದು ಟಿಬೆಟ್‌ನ ಪಶ್ಚಿಮ ಮೂಲೆಯ ಙಾರಿ ಪ್ರಾಂತ್ಯದಲ್ಲಿ, ಸುಮಾರು 4,590 ಮೀಟರ್ ಎತ್ತರದಲ್ಲಿ. ವಿಸ್ತಾರ 400 ಚದರ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಸಿಹಿನೀರು. ಟಿಬೆಟನ್ನರು ಇದನ್ನು ಮಫಮ್ ಯುಮ್ತ್ಸೊ ಅನ್ನುತ್ತಾರೆ, ಸೋಲಿಲ್ಲದ ವೈಡೂರ್ಯದ ಸರೋವರ ಅಂತ ಅರ್ಥ. ಉತ್ತರಕ್ಕೆ 6,638 ಮೀಟರ್‌ನ ಕೈಲಾಸ, ದಕ್ಷಿಣಕ್ಕೆ 7,694 ಮೀಟರ್‌ನ ಗುರ್ಲಾ ಮಾಂಧಾತಾ. ಪಶ್ಚಿಮಕ್ಕೆ, ಒಂದು ಸಣ್ಣ ದಿಬ್ಬದ ಆಚೆ, ರಾಕ್ಷಸ ತಾಲ್. ಅದರದು ಉಪ್ಪುನೀರು, ಅಲ್ಲಿ ಯಾರೂ ತೀರ್ಥ ತುಂಬಿಕೊಳ್ಳುವುದಿಲ್ಲ. ಎರಡನ್ನೂ ಗಂಗಾ ಛೂ ಅನ್ನುವ ಕಾಲುವೆಯಂಥ ಹಳ್ಳ ಜೋಡಿಸುತ್ತದೆ. ಎಷ್ಟೋ ವರ್ಷ ಅದು ಒಣಗಿಯೇ ಇರುತ್ತದೆ, ನೀರು ಹರಿದರೆ ಟಿಬೆಟನ್ನರಿಗೆ ಅದು ಒಳ್ಳೆಯ ಶಕುನ. ಹಿಂದೂಗಳು, ಬೌದ್ಧರು, ಜೈನರು, ಟಿಬೆಟ್‌ನ ಹಳೆಯ ಬೋನ್ ಧರ್ಮದವರು, ನಾಲ್ವರಿಗೂ ಈ ಜಾಗ ಪವಿತ್ರ. ಆದ್ದರಿಂದ ದಡದಲ್ಲಿ ನೀವು ಒಬ್ಬರೇ ಇರುತ್ತೀರಿ ಅಂದುಕೊಳ್ಳಬೇಡಿ.

ಈಗ ತಿಂಗಳುಗಳ ವಿಷಯಕ್ಕೆ ಬರೋಣ.

ಚಳಿಗಾಲ

ಡಿಸೆಂಬರ್ ಕೊನೆಗೋ ಜನವರಿಯಲ್ಲೋ ಸರೋವರ ಹೆಪ್ಪುಗಟ್ಟುತ್ತದೆ, ಮೇ ತಿಂಗಳ ಹೊತ್ತಿಗೆ ಒಡೆಯುತ್ತದೆ. ರಾತ್ರಿ ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುವುದು ಅಲ್ಲಿ ಸಾಮಾನ್ಯ. ಅದರ ಮೇಲೆ ಗಾಳಿ ಬೇರೆ. ಸ್ವಾಮಿ ಪ್ರಣವಾನಂದರು 1930ರ ದಶಕದಲ್ಲಿ ಚಳಿಗಾಲವನ್ನೂ ದಡದ ಮಠದಲ್ಲೇ ಕಳೆದು, ನೀರು ಮಂಜುಗಡ್ಡೆಯಾಗುವುದನ್ನೂ ಮತ್ತೆ ಕರಗುವುದನ್ನೂ ಕೂತು ಬರೆದಿಟ್ಟವರು. ಮಂಜುಗಡ್ಡೆ ಬಿರಿಯುವಾಗ ಫಿರಂಗಿ ಹಾರಿಸಿದ ಹಾಗೆ ಸದ್ದಾಗುತ್ತದಂತೆ. ನನಗೂ ಕೇಳಬೇಕು ಅಂತ ಆಸೆ ಇದೆ, ಆದರೆ ಆಸೆ ಬೇರೆ ಶ್ವಾಸಕೋಶ ಬೇರೆ.

ನಮ್ಮಂಥವರಿಗೆ ಚಳಿಗಾಲ ಹೆಚ್ಚೂಕಮ್ಮಿ ಮುಚ್ಚಿದ ಬಾಗಿಲು. ದಡದ ಅತಿಥಿಗೃಹಗಳು ಬೀಗ ಹಾಕಿಕೊಂಡಿರುತ್ತವೆ, ಕೊಳಾಯಿ ನೀರು ಕಟ್ಟಿರುತ್ತದೆ, ಕೈಲಾಸ ಪ್ರದಕ್ಷಿಣೆಯ ಡೋಲ್ಮಾ ಲಾ ಕಣಿವೆ 5,600 ಮೀಟರ್‌ಗಿಂತ ಎತ್ತರ, ಹಿಮ ತುಂಬಿರುತ್ತದೆ. ಜೊತೆಗೆ ಫೆಬ್ರವರಿ ಕೊನೆಯಿಂದ ಮಾರ್ಚ್ ಮುಗಿಯುವವರೆಗೆ ವಿದೇಶಿಯರಿಗೆ ಇಡೀ ಟಿಬೆಟ್ ಬಾಗಿಲು ಹಾಕುವುದು ವರ್ಷಾವರ್ಷ ನಡೆದುಬಂದಿದೆ. ಹಾಗಾಗಿ ಯಾರಾದರೂ ಮಾರ್ಚ್‌ನಲ್ಲಿ ಕರೆದುಕೊಂಡು ಹೋಗುತ್ತೇವೆ ಅಂದರೆ ಮುಂಗಡ ಕೊಡುವ ಮುಂಚೆ ಎರಡು ಸಲ ಯೋಚಿಸಿ.

ಮೇ ಮತ್ತು ಜೂನ್ ಮೊದಲ ಭಾಗ

ಗಾಳಿಯ ಕಾಲ ಇದು. ಆಕಾಶ ಚೆನ್ನಾಗಿಯೇ ಇರುತ್ತದೆ, ಬೆಟ್ಟಗಳು ಕಾಣುತ್ತವೆ, ಆದರೆ ಮಧ್ಯಾಹ್ನವಾದರೆ ಸಾಕು, ದೂಳೆದ್ದು ಬಾಯಲ್ಲಿ ಮರಳು ಕರಕರ ಅನ್ನುತ್ತದೆ. ಹುಲ್ಲು ಇನ್ನೂ ಚಿಗುರಿರುವುದಿಲ್ಲ, ನೆಲವೆಲ್ಲ ಒಣ ಕಂದು. ಮೇ ಆರಂಭದಲ್ಲಿ ಹೋದವರಿಗೆ ದಡದಲ್ಲಿ ಮಂಜುಗಡ್ಡೆಯ ಚೂರುಗಳು ಒಂದರ ಮೇಲೊಂದು ರಾಶಿ ಬಿದ್ದಿರುವುದು ಕಾಣಬಹುದು.

ಈ ಹೊತ್ತಿಗೆ ಹಕ್ಕಿಗಳು ಬಂದಿರುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲಕ್ಕೆ ಸಾವಿರಗಟ್ಟಲೆ ಬಂದಿಳಿದು ಶೇಂಗಾ ಹೊಲಗಳಲ್ಲಿ ಮೇಯುತ್ತವಲ್ಲ, ಅದೇ ಜಾತಿ. ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾದ ಸರೋವರಗಳಿಗೆ ಹೋಗಿ ಮರಿ ಮಾಡುತ್ತವೆ. ನಾವು ಪರ್ಮಿಟ್, ವೀಸಾ, ಮಾತ್ರೆ ಅಂತ ಒದ್ದಾಡುವ ದಾರಿಯನ್ನು ಅವು ಸುಮ್ನೆ ಹಾರಿಕೊಂಡು ಬಂದುಬಿಡುತ್ತವೆ. ಹಂಸ ಅಂದರೆ ಇದೇ ಇರಬೇಕು ಅಂತ ವಾದಿಸುವವರಿದ್ದಾರೆ. ನನಗೆ ಗೊತ್ತಿರುವುದು ಇಷ್ಟೇ, ಬೆಳಗಿನ ನಿಶ್ಶಬ್ದದಲ್ಲಿ ಅವುಗಳ ಕೂಗು ಕೇಳಿದರೆ ಎದ್ದು ಹೊರಗೆ ಬರದೆ ಇರಲಾಗುವುದಿಲ್ಲ.

ಟಿಬೆಟನ್ ಪಂಚಾಂಗದ ನಾಲ್ಕನೇ ತಿಂಗಳ ಹುಣ್ಣಿಮೆಗೆ ಸಾಗಾ ದಾವಾ ಹಬ್ಬ. ಸಾಮಾನ್ಯವಾಗಿ ಮೇ ಕೊನೆಗೋ ಜೂನ್‌ನಲ್ಲೋ ಬರುತ್ತದೆ. ಕೈಲಾಸದ ಬುಡದ ತಾರ್‌ಬೊಚೆಯಲ್ಲಿ ಎತ್ತರದ ಕಂಬವನ್ನು ಇಳಿಸಿ, ಹೊಸ ಮಂತ್ರಬಾವುಟ ಕಟ್ಟಿ ಮತ್ತೆ ನಿಲ್ಲಿಸುತ್ತಾರೆ. ನೋಡುವಂಥದ್ದು, ಆದರೆ ಆ ವಾರ ಜನ ಜಾಸ್ತಿ, ರೂಮು ಸಿಗುವುದು ಕಷ್ಟ, ಪರ್ಮಿಟ್ ಬಿಗಿ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಕುದುರೆ ವರ್ಷದಲ್ಲಿ (2014 ಆಗಿತ್ತು, ಆಮೇಲೆ 2026) ಕೈಲಾಸ ಸುತ್ತಿದರೆ ಪುಣ್ಯ ಎಷ್ಟೋ ಪಟ್ಟು ಅನ್ನುವ ನಂಬಿಕೆ ಇದೆ, ಹಾಗಾಗಿ ಆ ವರ್ಷ ಎಲ್ಲಾ ತಿಂಗಳೂ ನೂಕುನುಗ್ಗಲೇ. ಶಾಂತಿ ಬೇಕು ಅನ್ನುವವರು ಆ ವರ್ಷ ಬಿಟ್ಟು ಬೇರೆ ವರ್ಷ ಹೋಗಿ.

ಮಳೆಗಾಲ

ಭಾರತೀಯರು ಜಾಸ್ತಿ ಹೋಗುವುದು ಈಗಲೇ. ನಮ್ಮ ವಿದೇಶಾಂಗ ಸಚಿವಾಲಯ ನಡೆಸುವ ಯಾತ್ರೆಯೂ ಜೂನ್‌ನಿಂದ ಆಗಸ್ಟ್ ನಡುವೆ. 2020ರಿಂದ ನಿಂತಿದ್ದ ಅದು 2025ರಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಉತ್ತರಾಖಂಡದ ಲಿಪುಲೇಖ್ ದಾರಿಯಲ್ಲಿ 50 ಜನರ 5 ತಂಡ, ಸಿಕ್ಕಿಂನ ನಾಥೂ ಲಾ ದಾರಿಯಲ್ಲಿ 50 ಜನರ 10 ತಂಡ. ಅರ್ಜಿ ಆನ್‌ಲೈನ್, ಆಯ್ಕೆ ಲಾಟರಿ. ವಯಸ್ಸು 18ರಿಂದ 70ರ ಒಳಗೆ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ಮೀರಬಾರದು, ದೆಹಲಿಯಲ್ಲಿ ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. ಈ ಬಿಎಂಐ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಾಟರಿಯಲ್ಲಿ ಹೆಸರು ಬಂದ ಮೇಲೆ ತೂಕ ಇಳಿಸೋಣ ಅಂದುಕೊಂಡವರು ದೆಹಲಿಯಿಂದಲೇ ವಾಪಸ್ ಬರುತ್ತಾರೆ.

ಸರೋವರ ಹಿಮಾಲಯದ ಆಚೆ, ಮಳೆನೆರಳಿನಲ್ಲಿದೆ, ಅಲ್ಲಿ ಮಳೆ ಇರಲ್ಲ ಅಂತ ಏಜೆಂಟರು ಹೇಳುತ್ತಾರೆ. ಅರ್ಧ ನಿಜ. ನಮ್ಮ ಕಡೆಯ ಹಾಗೆ ದಿನವಿಡೀ ಸುರಿಯುವುದಿಲ್ಲ. ಆದರೆ ಮೋಡ ಬಂದು ಕೂರುತ್ತದೆ, ಮಧ್ಯಾಹ್ನ ಹತ್ತು ನಿಮಿಷ ಆಲಿಕಲ್ಲು ಬೀಳುತ್ತದೆ, ಕೈಲಾಸ ಎರಡು ದಿನ ಮುಸುಕು ಹಾಕಿಕೊಂಡೇ ಇರಬಹುದು. ಬದಲಿಗೆ ನೆಲ ಹಸಿರಾಗುತ್ತದೆ, ಅಂಗೈ ಎತ್ತರದ ಹುಲ್ಲಿನಲ್ಲಿ ಸಣ್ಣಸಣ್ಣ ಹೂ, ಯಾಕ್ ಮತ್ತು ಕುರಿ ಮಂದೆಗಳು, ದೂರದಲ್ಲಿ ಕಿಯಾಂಗ್ ಅನ್ನುವ ಕಾಡುಕತ್ತೆಗಳ ಗುಂಪು. ಹಗಲು ಒಂದು ಸ್ವೆಟರ್ ಸಾಕಾಗುವ ಕಾಲ ವರ್ಷದಲ್ಲಿ ಇದೊಂದೇ. ವಯಸ್ಸಾದವರಿಗೆ ಚಳಿಯ ಲೆಕ್ಕದಲ್ಲಿ ಇದೇ ವಾಸಿ, ಅದನ್ನು ಒಪ್ಪುತ್ತೇನೆ.

ಅಪಾಯ ಇರುವುದು ಸರೋವರದಲ್ಲಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿ. ಉತ್ತರಾಖಂಡದ ಮಾಲ್ಪಾದಲ್ಲಿ 1998ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಯಾತ್ರಿಕರ ಒಂದಿಡೀ ತಂಡವೇ ಹೋಯಿತು, ನೃತ್ಯಗ್ರಾಮದ ಪ್ರೊತಿಮಾ ಬೇಡಿ ತೀರಿಕೊಂಡದ್ದು ಅಲ್ಲೇ. 2025ರ ಜುಲೈನಲ್ಲಿ ನೇಪಾಳದ ರಸುವಾಗಢಿ ಗಡಿಯ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಗಿ, ಗಡಿಯಾಚೆಯ ಟಿಬೆಟ್ ಊರು ಕೇರುಂಗ್ ಮೂಲಕ ಹೋಗುವ ದಾರಿಯೇ ನಿಂತುಹೋಯಿತು. ಹಾಗಾಗಿ ಮಳೆಗಾಲದಲ್ಲಿ ಹೋಗುವವರು ವಾಪಸ್ ಟಿಕೆಟ್‌ಗೂ ಆಫೀಸಿನ ರಜೆಗೂ ಕನಿಷ್ಠ ನಾಲ್ಕು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಇದು ಬರೀ ಎಚ್ಚರಿಕೆ ಮಾತಲ್ಲ, ನಾನೇ ಎರಡು ದಿನ ಗಡಿ ಊರಿನಲ್ಲಿ ಕೂತು ನೂಡಲ್ಸ್ ತಿಂದಿದ್ದೇನೆ.

ಇನ್ನು ಹುಣ್ಣಿಮೆ. ಹುಣ್ಣಿಮೆ ಪ್ಯಾಕೇಜ್ ಅಂತಲೇ ಮಾರುತ್ತಾರೆ, ದರವೂ ಮೇಲೆ. ಬೆಳದಿಂಗಳು ನೀರಿನ ಮೇಲೆ ಬಿದ್ದರೆ ಚೆಂದವೇ, ಆದರೆ ಜುಲೈ ಆಗಸ್ಟ್‌ನಲ್ಲಿ ಮೋಡ ಬಿಡಬೇಕಲ್ಲ. ಹುಣ್ಣಿಮೆಗೆ ನಾಲ್ಕು ದಿನ ಆಚೆ ಈಚೆ ಹೋದರೆ ಅದೇ ರೂಮಿನಲ್ಲಿ ಆರು ಜನರ ಬದಲು ಮೂರೇ ಜನ ಮಲಗುತ್ತೀರಿ.

ಸೆಪ್ಟೆಂಬರ್, ಅಕ್ಟೋಬರ್

ನನ್ನನ್ನು ಕೇಳಿದರೆ ಇದೇ ಕಾಲ. ಸೆಪ್ಟೆಂಬರ್ ಎರಡನೇ ವಾರ ದಾಟಿದರೆ ಮೋಡ ಹಿಂದೆ ಸರಿಯುತ್ತದೆ. ಆಕಾಶ ಕಣ್ಣಿಗೆ ಚುಚ್ಚುವಷ್ಟು ನೀಲಿ. ಬೆಳಿಗ್ಗೆ ನೀರು ಕದಲದೆ ನಿಂತಿರುತ್ತದೆ, ಹನ್ನೊಂದರ ಹೊತ್ತಿಗೆ ಮೊದಲ ಗಾಳಿ ಬಂದು ಅದರ ಮೇಲೆ ಒಂದು ಗೆರೆ ಎಳೆಯುತ್ತದೆ, ಮಧ್ಯಾಹ್ನಕ್ಕೆ ಸಮುದ್ರದ ಹಾಗೆ ಅಲೆ. ಬಣ್ಣ ಬದಲಾಗುವುದನ್ನು ಎಲ್ಲರೂ ಹೇಳುತ್ತಾರೆ, ನಾನು ನಂಬಿರಲಿಲ್ಲ. ದಡದ ಹತ್ತಿರ ತಿಳಿಹಸಿರು, ಸ್ವಲ್ಪ ಆಚೆ ನವಿಲುನೀಲಿ, ನಡುವಿನಲ್ಲಿ ಹೊಸ ಜೀನ್ಸ್ ಬಟ್ಟೆಯಂಥ ಕಡುನೀಲಿ. ಒಂದು ಮೋಡದ ತುಂಡು ಸೂರ್ಯನಿಗೆ ಅಡ್ಡ ಬಂದರೆ ಮೂರೂ ಒಟ್ಟಿಗೆ ಸೀಸದ ಬಣ್ಣಕ್ಕೆ ತಿರುಗುತ್ತವೆ. ಪುರಂಗ್ ಕಣಿವೆಯಲ್ಲಿ ಬಾರ್ಲಿ ಕೊಯ್ಲಿನ ಕಾಲ, ಮನೆಯ ಮಾಳಿಗೆಗಳ ಮೇಲೆ ಹುಲ್ಲಿನ ಹೊರೆ.

ಚಳಿ ಮಾತ್ರ ತಮಾಷೆಯಲ್ಲ. ಸೆಪ್ಟೆಂಬರ್ ಕೊನೆಗೆ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಬೆಳಿಗ್ಗೆ ಬಕೆಟ್ ನೀರಿನ ಮೇಲೆ ಗಾಜಿನಂಥ ಪದರ. ಅಕ್ಟೋಬರ್ ಮೊದಲ ವಾರ ಚೀನಾದಲ್ಲಿ ರಾಷ್ಟ್ರೀಯ ದಿನದ ರಜೆ, ಆಗ ಅವರ ಪ್ರವಾಸಿಗರ ಕಾರುಗಳೇ ಕಾರುಗಳು, ಆ ವಾರ ತಪ್ಪಿಸಿ. ಅಕ್ಟೋಬರ್ ಮಧ್ಯದ ನಂತರ ಹಿಮ ಯಾವಾಗ ಬೇಕಾದರೂ ಬೀಳಬಹುದು. ಬರೀ ಸರೋವರ ನೋಡಿ ಬರುವುದಾದರೆ ಪರವಾಗಿಲ್ಲ, ಪ್ರದಕ್ಷಿಣೆಯ ಆಸೆ ಇದ್ದರೆ ಸೆಪ್ಟೆಂಬರ್ ಒಳಗೇ ಮುಗಿಸಿಕೊಳ್ಳಿ.

ದಾರಿ ಆರಿಸುವುದು ಅಂದರೆ ಎತ್ತರ ಆರಿಸುವುದು

ಸರ್ಕಾರಿ ಯಾತ್ರೆ ಸಿಗದವರು ಖಾಸಗಿಯಾಗಿ ಹೋಗುವುದು ಹೆಚ್ಚಾಗಿ ನೇಪಾಳದ ಮೂಲಕ. ಕಠ್ಮಂಡುವಿನಿಂದ ಕೇರುಂಗ್ ರಸ್ತೆ, ನೇಪಾಳಗಂಜ್, ಸಿಮಿಕೋಟ್, ಹಿಲ್ಸಾ ಅಂತ ವಿಮಾನ ಹೆಲಿಕಾಪ್ಟರ್, ಅಥವಾ ಕಠ್ಮಂಡುವಿನಿಂದ ಲಾಸಾಕ್ಕೆ ವಿಮಾನ ಹಿಡಿದು ಅಲ್ಲಿಂದ ಸಾವಿರ ಕಿ.ಮೀ.ಗಿಂತ ಜಾಸ್ತಿ ರಸ್ತೆ.

ಕೇರುಂಗ್ ದಾರಿ ಅಗ್ಗ, ದಿನ ಕಡಿಮೆ. ತೊಂದರೆ ಇರುವುದು ಅಲ್ಲೇ. ಕೇರುಂಗ್ ಸುಮಾರು 2,800 ಮೀಟರ್, ಮಾರನೇ ರಾತ್ರಿ ಮಲಗುವ ಸಾಗಾ 4,500 ಮೀಟರ್‌ನ ಆಸುಪಾಸು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅನ್ನುವುದು ವೈದ್ಯರ ಲೆಕ್ಕ. ಇಲ್ಲಿ ಒಂದೇ ದಿನಕ್ಕೆ ಅದರ ಮೂರು ಪಟ್ಟಿಗಿಂತ ಜಾಸ್ತಿ ಏರುತ್ತೀರಿ. ಆದ್ದರಿಂದ ಕೇರುಂಗ್‌ನಲ್ಲಿ ಕನಿಷ್ಠ ಎರಡು ರಾತ್ರಿ ಇರಬೇಕು. ನಮ್ಮ ಟೂರ್‌ನವರು ಕಾಗದದಲ್ಲಿ ಎರಡು ರಾತ್ರಿ ಬರೆದಿದ್ದರು, ಗಡಿಯಲ್ಲಿ ತಡವಾಯಿತು ಅಂತ ಒಂದನ್ನು ನುಂಗಿಹಾಕಿದರು. ನಾವೂ ಬಾಯಿ ಬಿಡಲಿಲ್ಲ, ಹುಣ್ಣಿಮೆ ತಪ್ಪಿಹೋಗುತ್ತದಲ್ಲ.

ಸಾಗಾದ ರಾತ್ರಿ ನಮ್ಮ ಗುಂಪಿನ ಹಿರಿಯರೊಬ್ಬರು ಊಟ ಬೇಡ ಅಂದರು. ಸುಸ್ತು ಇರಬೇಕು ಅಂದುಕೊಂಡೆವು. ಟಿಬೆಟನ್ ಗೈಡ್ ಬಂದು, ಅವರನ್ನು ಎಬ್ಬಿಸಿ, ನೆಲದ ಟೈಲ್ಸ್ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಿರಿ ಅಂದ. ಮೂರನೇ ಹೆಜ್ಜೆಗೇ ಗೋಡೆ ಹಿಡಿದುಕೊಂಡರು. ‘ಏನೂ ಆಗಿಲ್ಲಪ್ಪ, ಚಪ್ಪಲಿ ಜಾರಿತು’ ಅಂತ ನಕ್ಕರು. ಗೈಡ್ ನಗಲಿಲ್ಲ. ಆ ರಾತ್ರಿಯೇ ಜೀಪು ಮಾಡಿ ಕೆಳಗೆ ಕಳಿಸಿದ. ಕೇರುಂಗ್ ತಲುಪುವ ಹೊತ್ತಿಗೆ ಅವರು ಕಾಫಿ ಕೇಳಿದರಂತೆ. ಇಳಿಸುವುದೇ ಔಷಧಿ, ಅದು ತಡವಾಗಬಾರದು ಅಷ್ಟೇ.

ಈ ನಡಿಗೆಯ ಪರೀಕ್ಷೆ ನೀವೂ ಕಲಿತುಕೊಳ್ಳಿ. ಬರೀ ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಆದರೆ ಅಲ್ಲೇ ನಿಂತು ಸುಧಾರಿಸಿಕೊಳ್ಳಬಹುದು, ಮೇಲೆ ಮಾತ್ರ ಏರಬಾರದು. ನಡಿಗೆ ತಪ್ಪಿದರೆ, ಮಾತು ತೊದಲಿದರೆ, ಸುಮ್ನೆ ಕೂತಾಗಲೂ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಕಂಡರೆ ಮಿದುಳಿಗೋ ಶ್ವಾಸಕೋಶಕ್ಕೋ ನೀರು ತುಂಬುತ್ತಿದೆ ಅಂತ ಅರ್ಥ. ಬೆಳಗಾಗಲಿ ನೋಡೋಣ ಅನ್ನಬೇಡಿ. ಆಕ್ಸಿಜನ್ ಕ್ಯಾನ್ ಹಿಡಿಸಿಕೊಂಡು ಮುಂದೆ ಹೋಗುವುದೂ ಬೇಡ, ಅದು ಕೆಳಗಿಳಿಯುವ ತನಕದ ಊರುಗೋಲು ಮಾತ್ರ.

ಎತ್ತರದ ತೊಂದರೆ ತಡೆಯಲು ಕೊಡುವ ಡೈಯಾಮಾಕ್ಸ್ ಮಾತ್ರೆಯನ್ನು ಹೊರಡುವ ಮುಂಚೆ ನಿಮ್ಮ ವೈದ್ಯರ ಹತ್ತಿರ ಮಾತಾಡಿಯೇ ತೆಗೆದುಕೊಳ್ಳಿ. ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಎತ್ತರ ಏರುವ ಹಿಂದಿನ ದಿನದಿಂದ ಬರೆದುಕೊಡುತ್ತಾರೆ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳ ತುದಿ ಜುಮ್ಮೆನ್ನುತ್ತದೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಗಾಬರಿಯಾಗಬೇಡಿ. ನಿದ್ದೆ ಮಾತ್ರೆ ಮತ್ತು ಗುಂಡು ಎರಡೂ ಬೇಡ, ಉಸಿರಾಟ ಇನ್ನೂ ಮಂದವಾಗುತ್ತದೆ.

ಲಾಸಾ ದಾರಿ ದುಬಾರಿ, ದಿನವೂ ಜಾಸ್ತಿ, ಆದರೆ ಮೈಗೆ ಒಗ್ಗುತ್ತದೆ. ಲಾಸಾ 3,650 ಮೀಟರ್, ಅಲ್ಲಿ ಮೂರು ದಿನ ಸುಮ್ನೆ ಅಡ್ಡಾಡಿ, ಆಮೇಲೆ ಶಿಗಾತ್ಸೆ, ಆಮೇಲೆ ಸಾಗಾ. ಸರೋವರ ಮುಟ್ಟುವ ಹೊತ್ತಿಗೆ ಹಸಿವು ವಾಪಸ್ ಬಂದಿರುತ್ತದೆ. ಲಿಪುಲೇಖ್ ದಾರಿಯಲ್ಲೂ ಹಂತಹಂತವಾಗಿ ನಿಲ್ಲಿಸುತ್ತಾರೆ, ಅದಕ್ಕೇ ಸರ್ಕಾರಿ ಯಾತ್ರೆ ಅಷ್ಟು ದಿನ. ಹೆಲಿಕಾಪ್ಟರ್‌ನಲ್ಲಿ ಹೋಗಿ ನಾಲ್ಕು ದಿನಕ್ಕೆ ಮುಗಿಸಿ ಬರುತ್ತೇವೆ ಅನ್ನುವವರಿಗೆ ನಾನು ಏನೂ ಹೇಳುವುದಿಲ್ಲ, ಅವರ ಹೃದಯ ಅವರಿಗೆ ಗೊತ್ತಿರಬೇಕು.

ಕಾಗದಪತ್ರ, ದುಡ್ಡು, ಫೋನು

ಟಿಬೆಟ್‌ಗೆ ಒಬ್ಬರೇ ಹೋಗಿ ಸುತ್ತಾಡುವ ಹಾಗಿಲ್ಲ. ನೋಂದಾಯಿತ ಏಜೆನ್ಸಿ, ಗೈಡ್, ವಾಹನ ಎಲ್ಲಾ ಮೊದಲೇ ನಿಗದಿಯಾಗಿರಬೇಕು. ಟಿಬೆಟ್ ಪ್ರವಾಸ ಪರ್ಮಿಟ್ ಒಂದು, ಙಾರಿ ಗಡಿ ಪ್ರದೇಶ ಆದ್ದರಿಂದ ಅದರ ಮೇಲೆ ಬೇರೆ ಪರ್ಮಿಟ್‌ಗಳು. ಏಜೆನ್ಸಿಯವರೇ ಮಾಡಿಸುತ್ತಾರೆ. ಒಂದು ತಿಂಗಳಾದರೂ ಮುಂಚೆ ಪಾಸ್‌ಪೋರ್ಟ್ ಪ್ರತಿ ಕಳಿಸಿ, ಅವಧಿ ಆರು ತಿಂಗಳಿಗಿಂತ ಜಾಸ್ತಿ ಉಳಿದಿದೆಯಾ ನೋಡಿಕೊಳ್ಳಿ.

ನೇಪಾಳದ ಕಡೆಯಿಂದ ಹೋದರೆ ಸಿಗುವುದು ಗುಂಪು ವೀಸಾ. ಪಾಸ್‌ಪೋರ್ಟಿನಲ್ಲಿ ಅಂಟಿಸುವುದಿಲ್ಲ, ಎಲ್ಲರ ಹೆಸರೂ ಬರೆದ ಒಂದು ಹಾಳೆ. ಒಟ್ಟಿಗೆ ಒಳಗೆ, ಒಟ್ಟಿಗೆ ಹೊರಗೆ. ಒಬ್ಬರಿಗೆ ಹುಷಾರು ತಪ್ಪಿ ಮೊದಲೇ ಇಳಿಯಬೇಕಾದರೆ ಆ ಹಾಳೆಯನ್ನು ಒಡೆಯುವುದು ದೊಡ್ಡ ರಗಳೆ. ಹಾಗಾಗಿ ಬುಕ್ ಮಾಡುವಾಗಲೇ ಕೇಳಿ, ಒಬ್ಬರು ಮಧ್ಯದಲ್ಲಿ ವಾಪಸ್ ಬರಬೇಕಾದರೆ ಏನು ಮಾಡುತ್ತೀರಿ, ಜೀಪಿನ ಖರ್ಚು ಯಾರದು ಅಂತ. ಸರಿಯಾಗಿ ಉತ್ತರ ಕೊಡದವರ ಜೊತೆ ಹೋಗಬೇಡಿ.

ದಲೈ ಲಾಮಾ ಅವರ ಫೋಟೊ, ಪುಸ್ತಕ ಬ್ಯಾಗಿನಲ್ಲೂ ಬೇಡ ಫೋನಿನಲ್ಲೂ ಬೇಡ, ಗಡಿಯಲ್ಲಿ ಬಿಚ್ಚಿ ನೋಡುತ್ತಾರೆ. ಗೈಡ್ ಹತ್ತಿರ ರಾಜಕೀಯ ಕೆದಕಬೇಡಿ. ನಿಮಗೆ ಅದು ಕುತೂಹಲ, ಅವನಿಗೆ ಹೊಟ್ಟೆಪಾಡು.

ಅಲ್ಲಿ ನಡೆಯುವುದು ಯುವಾನ್. ಒಂದು, ಐದು, ಹತ್ತರ ನೋಟುಗಳು ಇಟ್ಟುಕೊಳ್ಳಿ, ಬಿಸಿನೀರಿಗೂ ಶೌಚಾಲಯಕ್ಕೂ ಬೇಕಾಗುತ್ತವೆ. ವಾಟ್ಸಾಪ್, ಗೂಗಲ್ ಅಲ್ಲಿನ ವೈಫೈನಲ್ಲಿ ತೆರೆಯುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿಬಿಡಿ, ಎರಡು ದಿನ ಸುದ್ದಿ ಇಲ್ಲ ಅಂತ ಗಾಬರಿಯಾಗಬೇಡಿ ಅಂತ.

ಗಡಿಯಾರದ ಕಥೆ

ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಇಡೀ ಚೀನಾಕ್ಕೆ ಒಂದೇ ಸಮಯ, ಬೀಜಿಂಗ್ ಸಮಯ. ನಮಗಿಂತ ಎರಡೂವರೆ ಗಂಟೆ ಮುಂದೆ. ಆದರೆ ಮಾನಸ ಸರೋವರ ಇರುವುದು ನಮ್ಮ ಪ್ರಯಾಗರಾಜದ (ಹಿಂದಿನ ಅಲಹಾಬಾದ್) ನೇರಕ್ಕೆ. ಅಂದರೆ ಸೂರ್ಯ ನಮ್ಮ ಸಮಯಕ್ಕೇ ಹುಟ್ಟುತ್ತಾನೆ, ಗಡಿಯಾರ ಮಾತ್ರ ಬೇರೆ ಹೇಳುತ್ತದೆ. ಜುಲೈನಲ್ಲಿ ಅಲ್ಲಿ ಬೆಳಗಾಗುವುದು ಏಳೂವರೆ ದಾಟಿದ ಮೇಲೆ, ಕತ್ತಲಾಗುವುದು ರಾತ್ರಿ ಹತ್ತಕ್ಕೆ.

ಬ್ರಾಹ್ಮಿ ಮುಹೂರ್ತದಲ್ಲಿ ದೇವತೆಗಳು ನಕ್ಷತ್ರದ ಹಾಗೆ ಇಳಿದು ಬಂದು ಸರೋವರದಲ್ಲಿ ಸ್ನಾನ ಮಾಡುತ್ತಾರೆ ಅನ್ನುವ ನಂಬಿಕೆ ಇದೆ. ಅದಕ್ಕೆ ನಾವು ಹನ್ನೆರಡು ಜನ ಫೋನಿನಲ್ಲಿ ಮೂರೂವರೆಗೆ ಅಲಾರಂ ಇಟ್ಟು, ಇದ್ದಬದ್ದ ರಗ್ಗೆಲ್ಲ ಹೊದ್ದು ದಡದಲ್ಲಿ ಹೋಗಿ ಕೂತೆವು. ನಾಲ್ಕಾಯಿತು, ಐದಾಯಿತು. ಹಲ್ಲು ಕಟಕಟ. ಐದೂವರೆಗೆ ಯಾರಿಗೋ ಹೊಳೆಯಿತು, ಅಲಾರಂ ಹೊಡೆದದ್ದು ಬೀಜಿಂಗಿನ ಮೂರೂವರೆಗೆ, ನಾವು ಬಂದು ಕೂತದ್ದು ನಮ್ಮ ಲೆಕ್ಕದ ರಾತ್ರಿ ಒಂದು ಗಂಟೆಗೆ. ಇನ್ನೊಂದು ಅರ್ಧ ತಾಸಿಗೆ ನಿಜವಾದ ಮುಹೂರ್ತ ಶುರುವಾಗುವ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಒಳಗೆ ಹೋಗಿ ಮಲಗಿದ್ದರು. ಜುಲೈನಲ್ಲಾದರೆ ಅಲ್ಲಿನ ಗಡಿಯಾರದಲ್ಲಿ ಬೆಳಿಗ್ಗೆ ಆರಕ್ಕೆ, ಸೆಪ್ಟೆಂಬರ್ ಕೊನೆಯಲ್ಲಾದರೆ ಏಳಕ್ಕೆ ಎದ್ದರೆ ಸಾಕು.

ದಡದಲ್ಲಿ

ಯಾವ ದಡದಲ್ಲಿ ಉಳಿಯುತ್ತೀರಿ ಅನ್ನುವುದೂ ಮುಖ್ಯ. ದಕ್ಷಿಣ ದಡದಿಂದ ನೋಡಿದರೆ ನೀರಿನ ಆಚೆ ಕೈಲಾಸ ಕಾಣುತ್ತದೆ. ಉತ್ತರ ದಡದಿಂದಾದರೆ ನೀರಿನ ಆಚೆ ಗುರ್ಲಾ ಮಾಂಧಾತಾದ ಬಿಳಿ ಗೋಡೆ. ವಾಯವ್ಯದ ಚಿಯು ಗೊಂಪಾ (ಬೌದ್ಧ ಮಠ) ಒಂದು ಬಂಡೆಗುಡ್ಡದ ಮೇಲಿದೆ, ಅಲ್ಲಿಂದ ಸರೋವರವೂ ಬೆಟ್ಟಗಳೂ ಒಟ್ಟಿಗೆ ಸಿಗುತ್ತವೆ, ಕೆಳಗೆ ಬಿಸಿನೀರಿನ ಬುಗ್ಗೆ ಇದೆ. ಒಂದೇ ರಾತ್ರಿ ಇದ್ದರೆ ಚಿಯು, ಎರಡಿದ್ದರೆ ಇನ್ನೊಂದು ದಕ್ಷಿಣಕ್ಕೆ ಅಂತ ಕೇಳಿನೋಡಿ. ಸಾಯಂಕಾಲದ ಕೊನೆಯ ಬೆಳಕು ಬೆಟ್ಟದ ಮೇಲೆ ಬೀಳುವಾಗ ಊಟಕ್ಕೆ ಕರೆದರೂ ಹೋಗಬೇಡಿ.

ಸರೋವರದ ಸುತ್ತಳತೆ 90 ಕಿ.ಮೀ. ಹತ್ತಿರ. ಯಾತ್ರೆಯವರು ಬಸ್ಸಿನಲ್ಲೇ ಸುತ್ತುತ್ತಾರೆ. ನಡೆದು ಸುತ್ತುವುದಾದರೆ ನಾಲ್ಕೈದು ದಿನ ಬೇಕು, ಮಳೆಗಾಲದಲ್ಲಿ ಹಳ್ಳ, ಕೆಸರು ಅಡ್ಡ ಬರುತ್ತವೆ. ಪೂರ್ತಿ ಆಗದಿದ್ದರೆ ಒಂದು ಬೆಳಿಗ್ಗೆ ದಡದ ಗುಂಟ ಎರಡು ಗಂಟೆ ನಡೆಯಿರಿ, ಬಸ್ಸಿನ ಕಿಟಕಿಗಿಂತ ಎಷ್ಟೋ ವಾಸಿ. ಮಂತ್ರ ಕೆತ್ತಿದ ಮಣಿಕಲ್ಲುಗಳ ರಾಶಿ ಸಿಕ್ಕರೆ ಬಲಕ್ಕೆ ಇಟ್ಟುಕೊಂಡು ದಾಟಿ, ಅದರಿಂದ ಕಲ್ಲು ಎತ್ತಿಕೊಳ್ಳಬೇಡಿ.

ಸ್ನಾನದ ವಿಷಯ. ಈಗ ನೀರಿಗೆ ಇಳಿದು ಮುಳುಗಲು ಸಾಮಾನ್ಯವಾಗಿ ಬಿಡುವುದಿಲ್ಲ. ಬಕೆಟ್‌ನಲ್ಲಿ ನೀರು ತಂದು ದೂರದಲ್ಲಿ ಮೈಮೇಲೆ ಸುರಿದುಕೊಳ್ಳಬಹುದು. ನಿಯಮ ಬದಲಾಗುತ್ತಿರುತ್ತದೆ, ಗೈಡ್ ಹೇಳಿದಂತೆ ಕೇಳಿ. ಸೋಪು, ಶಾಂಪೂ, ಹೂವಿನ ಪ್ಲಾಸ್ಟಿಕ್ ಕವರ್, ಹಳೇ ಬಟ್ಟೆ ಬಿಟ್ಟು ಬರುವುದು ಯಾವುದೂ ಬೇಡ. ಸ್ನಾನಕ್ಕೆ ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವಿನ ಬಿಸಿಲು ನೋಡಿಕೊಳ್ಳಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಟವೆಲ್ಲು, ಉಲ್ಲನ್ ಟೋಪಿ ಬೇರೆಯವರ ಕೈಯಲ್ಲಿ ತಯಾರಿರಲಿ. ಮೂರು ಚೊಂಬು ಸಾಕು. ಮೊದಲ ಚೊಂಬಿಗೆ ಉಸಿರು ನಿಂತೇಹೋಯಿತು ಅನ್ನಿಸುತ್ತದೆ, ನಿಲ್ಲುವುದಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ತಲೆಗೆ ನೀರು ಚಿಮುಕಿಸಿಕೊಂಡು ಮುಗಿಸಿ.

ಊಟಕ್ಕೆ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಆ ಎತ್ತರದಲ್ಲಿ ನೀರು 85 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ, ಬೇಳೆಯಂತೂ ದೂರ. ಗುಂಪಿನ ಜೊತೆ ಅಡುಗೆಯವರು ಬಂದರೆ ಪುಣ್ಯ. ಇಲ್ಲದಿದ್ದರೆ ಥುಕ್ಪಾ (ನೂಡಲ್ಸ್ ಸೂಪು), ಮೊಟ್ಟೆ, ಆಲೂಗಡ್ಡೆ. ಮನೆಯಿಂದ ಚಟ್ನಿಪುಡಿ, ಹುರಿದ ಅವಲಕ್ಕಿ, ಶುಂಠಿ ಒಯ್ಯಿರಿ. ಬಿಸ್ಕೆಟ್ ಪೊಟ್ಟಣಗಳು ಬಲೂನಿನ ಹಾಗೆ ಊದಿಕೊಳ್ಳುತ್ತವೆ, ಕೆಟ್ಟಿದೆ ಅಂತ ಎಸೆಯಬೇಡಿ, ಹೊರಗಿನ ಗಾಳಿಯ ಒತ್ತಡ ಕಡಿಮೆ ಅಷ್ಟೇ. ಬೆಣ್ಣೆ ಚಹಾ ಕೊಟ್ಟರೆ ಚಹಾ ಅಂದುಕೊಂಡು ಕುಡಿಯಬೇಡಿ, ಉಪ್ಪುಸಾರು ಅಂದುಕೊಂಡು ಕುಡಿಯಿರಿ, ಹಿಡಿಸುತ್ತದೆ.

ಬಟ್ಟೆಯ ಬಗ್ಗೆ ಒಂದೇ ಮಾತು. ಒಂದು ದಪ್ಪ ಜಾಕೆಟ್ಟಿಗಿಂತ ನಾಲ್ಕು ತೆಳು ಪದರ ವಾಸಿ. ಮಲಗುವಾಗ ಹಾಕುವ ಕಾಲುಚೀಲ ಬೇರೆಯೇ ಇರಲಿ, ಹಗಲು ಹಾಕಿದ್ದು ಬೆವರಿಗೆ ಒದ್ದೆಯಾಗಿರುತ್ತದೆ. ತಂಪು ಕನ್ನಡಕ ಇಲ್ಲದೆ ಹೊರಗೆ ಬರಬೇಡಿ, ತುಟಿಗೆ, ಮೂಗಿನ ಹೊಳ್ಳೆಗೆ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರುತ್ತಿರಿ, ಇಲ್ಲದಿದ್ದರೆ ರಕ್ತ ಒಸರುತ್ತದೆ. ಫೋನನ್ನು ಅಂಗಿಯ ಒಳಜೇಬಿನಲ್ಲಿ ಇಡಿ, ಚಳಿಗೆ ಬ್ಯಾಟರಿ ಕಣ್ಣೆದುರೇ ಖಾಲಿಯಾಗುತ್ತದೆ.

ತೀರ್ಥಕ್ಕೆ ಕ್ಯಾನ್ ಮನೆಯಿಂದಲೇ ಒಯ್ಯಿರಿ, ಐದು ಲೀಟರಿನದು ಬೇಡ, ಎರಡು ಲೀಟರಿನದು ಸಾಕು, ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೇ ಹಾಕಬೇಕು. ಬೆಳಿಗ್ಗೆ ಗಾಳಿ ಏಳುವ ಮುಂಚೆ ತುಂಬಿ, ಆಮೇಲೆ ಅಲೆಗೆ ಮರಳು ಕದಡುತ್ತದೆ. ಕುಡಿಯುವುದಾದರೆ ಕುದಿಸಿ. ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಳ ಹಾಕಿ. ನಾನು ಮುಕ್ಕಾಲು ತುಂಬಿದ್ದೆ, ಕಠ್ಮಂಡುವಿಗೆ ಇಳಿಯುವಷ್ಟರಲ್ಲಿ ಕ್ಯಾನಿನ ಎರಡೂ ಪಕ್ಕ ಒಳಕ್ಕೆ ನಜ್ಜಿಹೋಗಿತ್ತು. ಸೋರಿಲ್ಲ, ಒಡೆದಿಲ್ಲ. ಒಳಗೆ ಉಳಿದಿದ್ದು ಮೇಲಿನ ತೆಳು ಗಾಳಿ, ಹೊರಗೆ ಒತ್ತುತ್ತಿದ್ದುದು ಕೆಳಗಿನದು. ಮುಚ್ಚಳ ತಿರುಗಿಸಿದಾಗ ಪುಸ್ ಅಂತ ಗಾಳಿ ಎಳೆದುಕೊಂಡು ಅದು ತಾನಾಗಿಯೇ ನೆಟ್ಟಗಾಯಿತು.